ಬೊಳ್ಳನ ಉಣ್ಣಿಗೆ ನಾನು ಮಾಡಿದ ಮದ್ದು

ಮೊನ್ನೆ ಪಕ್ಕದ ಮನೆಯ ವಾರಿಜ ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ತಂದು ನನ್ನ ಅಂಗೈಯಲ್ಲಿಟ್ಟಳು. ಅದರೊಳಗಿನ ದ್ರವವನ್ನು ನಾಯಿಯ ಕುತ್ತಿಗೆಯ ಹಿಂದೆ, ಅದರ ನಾಲಿಗೆ ಎಟುಕದ ಕಡೆ, ಕೂದಲು ಬಿಡಿಸಿ ಚರ್ಮಕ್ಕೆ ಬಿಟ್ಟರೆ ಉಣ್ಣಿಯೂ ಚಿಗಟವೂ ತನ್ನಿಂದ ತಾನೇ ಉದುರುತ್ತವಂತೆ. "ಇದು ಆಗಬಹುದಾ ಆಂಟಿ? ನಮ್ಮದಕ್ಕೆ ಎಂತ ಮುಟ್ಟಿಸಿದರೂ ಮೈಯೆಲ್ಲ ಕೆಂಪಾಗ್ತದೆ" ಎಂದು ಕೇಳಿದಳು. ನಮ್ಮ ಬೀದಿಯಲ್ಲಿ ನಾಯಿಗಳ ವಿಷಯಕ್ಕೆ ನಾನೊಬ್ಬಳು ದೊಡ್ಡ ಪಂಡಿತೆ ಎಂಬ ಹೆಸರುಂಟು. ಆ ಪಾಂಡಿತ್ಯ ನನಗೆ ಹೇಗೆ ಬಂತೆಂದು ಇವರಿಗೆ ಗೊತ್ತಾದರೆ ನಾಯಿಯನ್ನು ನನ್ನ ಗೇಟಿನ ಹತ್ತಿರವೂ ಬಿಡಲಿಕ್ಕಿಲ್ಲ.

ಕನ್ನಡಕ ಹಾಕಿಕೊಂಡು ಕೊಳವೆಯ ಜೊತೆಗಿದ್ದ ಕಾಗದ ಬಿಡಿಸಿದೆ. ನಾಯಿಯ ತೂಕ ಎಷ್ಟಿರಬೇಕು, ಪ್ರಾಯ ಎಷ್ಟು, ಚರ್ಮ ಒಡೆದಿದ್ದರೆ ಹಾಕಬಾರದು, ನೆಕ್ಕಲು ಬಿಡಬಾರದು, ಜೊಲ್ಲು ಸುರಿದರೆ, ನಡುಗಿದರೆ ಕೂಡಲೇ ತೊಳೆದು ವೈದ್ಯರ ಹತ್ತಿರ ಹೋಗಬೇಕು. ಜೊಲ್ಲು, ನಡುಕ ಎಂಬ ಎರಡು ಶಬ್ದ ಓದಿದ್ದೇ ಕಾಗದ ಮಡಚಿ ವಾರಿಜಳ ಕೈಗೆ ವಾಪಸು ಕೊಟ್ಟೆ. "ನಾಯಿ ಡಾಕ್ಟರಿಗೆ ಒಮ್ಮೆ ತೋರಿಸಿ ಕೇಳಿಯೇ ಹಾಕು ಮಾರಾಯ್ತಿ, ನನ್ನನ್ನು ಕೇಳಬೇಡ" ಎಂದು ಸ್ವಲ್ಪ ಗಡುಸಾಗಿಯೇ ಹೇಳಿ ಕಳಿಸಿದೆ. ಪಾಪ, ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಐವರ್ನಾಡಿನ ಹುಡುಗಿ, ಮದುವೆಯಾಗಿ ಬಂದದ್ದು ಆಲಂಕಾರಿನಿಂದ ಒಂದು ಮೈಲಿ ಒಳಗಿನ ಮನೆಗೆ. ನನ್ನನ್ನು ಸುಳ್ಯದ ಕಡೆಯಿಂದ ಇಲ್ಲಿಗೆ ಕರೆದುಕೊಂಡು ಬಂದ ಗಂಡನಿಗೆ ಮೇಷ್ಟ್ರ ಕೆಲಸ ಇದ್ದದ್ದು ಸುಳ್ಯದಲ್ಲಿ! ಅವರು ಶನಿವಾರ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೋಗುವವರು. ಉಳಿದ ದಿನ ಮನೆಯಲ್ಲಿ ನಾನು, ನನ್ನ ಅತ್ತೆ, ಮತ್ತು ಬೊಳ್ಳ. ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುವುದು. ಬೊಳ್ಳ ಎಂದರೆ ನಾಯಿ. ತುಳುವಿನಲ್ಲಿ ಬಿಳಿಯ ಎಂದ ಹಾಗೆ.

ಮಾಮಿಗೆ ಕಿವಿ ಕೇಳುತ್ತಿರಲಿಲ್ಲ. ಪ್ರಾಯದಲ್ಲಿ ಬಂದ ಒಂದು ಜ್ವರ ಎರಡೂ ಕಿವಿಯನ್ನು ಕೊಂಡುಹೋಗಿತ್ತು. ಹತ್ತಿರ ನಿಂತು ಗಂಟಲು ಹರಿಯುವಂತೆ ಕೂಗಿದರೆ ಅರ್ಧ ತಿಳಿಯುವುದು, ಉಳಿದರ್ಧ ನಮ್ಮ ಮುಖ ನೋಡಿ ಊಹಿಸುವುದು. ಅವರು ಮಾತಾಡುವುದು ಮಾತ್ರ ಊರಿಗೇ ಕೇಳಬೇಕು. ಮೊದಲ ತಿಂಗಳು ನನ್ನನ್ನು ಅವರು ದಿನವಿಡೀ ಬೈಯುತ್ತಿದ್ದಾರೆಂದೇ ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಅರ್ಧ ಮಾತ್ರ ಬೈಗುಳ ಎಂದು. ನಾನೋ, ತವರಿನಲ್ಲಿ ನಾಲ್ಕು ಮಾತಿಗೆ ಒಂದು ಉತ್ತರ ಕೊಡುವ ಮೆಲುದನಿಯವಳು. ಹೀಗಾಗಿ ನಮ್ಮಿಬ್ಬರ ನಡುವೆ ಮಾತೆಂದರೆ ತಲೆ ಆಡಿಸುವುದೇ ಆಗಿಹೋಗಿತ್ತು. ಅವರು ಕೇಳುವುದು, ನಾನು ಹೌದೆಂದೋ ಅಲ್ಲವೆಂದೋ ತಲೆ ಆಡಿಸುವುದು. ಈ ತಲೆ ಆಡಿಸುವ ಅಭ್ಯಾಸ ಮುಂದೆ ಎಲ್ಲಿಗೆ ಮುಟ್ಟಿಸಿತೆಂದು ನೋಡಿ.

ಆ ಮನೆಯಲ್ಲಿ ಮಾಮಿಯ ಕಿವಿ ಎಂದರೆ ಬೊಳ್ಳನೇ. ಯಾರಾದರೂ ಅಂಗಳಕ್ಕೆ ಬಂದರೆ ಬೊಗಳಿ ಸುಮ್ಮನಾಗುವ ನಾಯಿಯಲ್ಲ ಅದು. ಒಳಗೆ ಓಡಿಬಂದು ಮಾಮಿಯ ಮೊಣಕಾಲಿಗೆ ಮೂಗಿನಿಂದ ಒತ್ತುವುದು. ಹಟ್ಟಿಯಲ್ಲಿ ಕರು ಕಿರುಚಿದರೂ ಹಾಗೆಯೇ, ಒಲೆಯ ಮೇಲೆ ಅನ್ನ ಉಕ್ಕಿದರೂ ಹಾಗೆಯೇ. ಯಾರು ಕಲಿಸಿದ್ದೆಂದು ಕೇಳಿದರೆ ಮಾಮಿ, "ಕಲಿಸುದೆಂತ? ಅದಕ್ಕೆ ಬುದ್ಧಿ ಉಂಟು" ಎನ್ನುವರು. ಆ ಮಾತಿನಲ್ಲಿ ಬುದ್ಧಿ ಇಲ್ಲದ ಇನ್ನೊಬ್ಬರು ಮನೆಯಲ್ಲಿ ಇದ್ದಾರೆಂಬ ಸೂಚನೆ ಇತ್ತೋ ಏನೋ, ನನಗಂತೂ ಹಾಗೆ ಕೇಳಿಸುತ್ತಿತ್ತು.

ಆದರೆ ಬೊಳ್ಳನ ಮೈ ಮಾತ್ರ ಬಹಳ ನಾಜೂಕು. ಬಿಳಿ ಕೂದಲು, ಅದರಡಿಯಲ್ಲಿ ಎಳೆಮಗುವಿನಂತಹ ಕೆಂಪು ಚರ್ಮ. ಬಿಸಿಲು ಹೆಚ್ಚಾದರೆ ಹೊಟ್ಟೆಯ ಮೇಲೆ ಬೊಕ್ಕೆ ಏಳುವುದು. ಬಟ್ಟೆ ಸೋಪು ಹಾಕಿ ಮೀಯಿಸಿದರೆ ಎರಡು ದಿನ ಮೈ ಉಜ್ಜಿಕೊಂಡು ಕಂಬ ಕಂಬ ತಿರುಗುವುದು. ಇಂಥದ್ದಕ್ಕೆ ಆ ವರ್ಷ ಬೇಸಗೆಯಲ್ಲಿ ಉಣ್ಣಿ ಹಿಡಿಯಿತು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕುತ್ತಿಗೆಯ ಸುತ್ತ ಹರಳು ಬೀಜದ ಹಾಗೆ ಕಚ್ಚಿಕೊಂಡಿದ್ದವು. ನಾಯಿ ಬಡವಾಯಿತು, ಕರೆದರೆ ಏಳುವುದಕ್ಕೂ ಉದಾಸೀನ. ಒಂದು ದಿನ ಯಾರೋ ಅಂಗಳಕ್ಕೆ ಬಂದು ಕೂಗಿ ಕೂಗಿ ವಾಪಸು ಹೋದರಂತೆ. ನಾನು ತೋಡಿನಲ್ಲಿ ಬಟ್ಟೆ ಒಗೆಯುತ್ತಿದ್ದೆ, ಬೊಳ್ಳ ಮಲಗಿದಲ್ಲಿಂದ ಏಳಲಿಲ್ಲ, ಮಾಮಿಗೆ ತಿಳಿಯಲೇ ಇಲ್ಲ. ಆ ಸಂಜೆ ಮಾಮಿ ಜಗಲಿಯಲ್ಲಿ ಕೂತು ಬಹಳ ಹೊತ್ತು ನಾಯಿಯ ತಲೆ ಸವರಿದರು. ಅವರಿಗೆ ಹೆದರಿಕೆಯಾಗಿದೆ ಎಂದು ನನಗೆ ಮೊದಲ ಬಾರಿ ಕಂಡದ್ದು ಅಂದು.

ಆಗಿನ ಕಾಲದಲ್ಲಿ ನಾಯಿಯ ಉಣ್ಣಿಗೆಂದು ಬೇರೆ ಮದ್ದು ನಮಗೆಲ್ಲಿ ಗೊತ್ತು? ಭತ್ತ ಹಾಲು ತುಂಬುವಾಗ ಮುತ್ತುವ ಕೀಟಕ್ಕೆ ಒಂದು ಬೂದುಬಣ್ಣದ ಪುಡಿ ಸಿಗುತ್ತಿತ್ತು, ಘಾಟು ವಾಸನೆಯದ್ದು. ಅದನ್ನು ಹಳೇ ಬೈರಾಸು ವಸ್ತ್ರದಲ್ಲಿ ಗಂಟು ಕಟ್ಟಿ ಗದ್ದೆಯಲ್ಲಿ ಕೋಲಿನಿಂದ ತಟ್ಟುತ್ತಾ ಹೋಗುವುದು. ಗದ್ದೆಗೆ ತಟ್ಟಿ ಉಳಿದದ್ದನ್ನು ಹಟ್ಟಿಗೆ, ಹಟ್ಟಿಗೆ ತಟ್ಟಿ ಉಳಿದದ್ದನ್ನು ನಾಯಿಗೆ. ಇಷ್ಟೇ ಏಕೆ, ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಹೇನಿಗೆಂದು ನಮ್ಮಜ್ಜಿ ಅದನ್ನು ನನ್ನ ತಲೆಗೇ ಹಾಕಿ ವಸ್ತ್ರ ಬಿಗಿದು ಕೂರಿಸಿದ್ದುಂಟು. ನನ್ನ ಬುದ್ಧಿಯ ಬಗ್ಗೆ ಯಾರಾದರೂ ಆಡಿಕೊಂಡರೆ ನಾನು ಈಗಲೂ ಆ ಪುಡಿಯ ಮೇಲೆ ತಪ್ಪು ಹೊರಿಸುತ್ತೇನೆ.

ಮರುದಿನ ಮಾಮಿ ನನ್ನನ್ನು ಆಲಂಕಾರು ಪೇಟೆಗೆ ಕಳಿಸಿದರು. "ಉಪ್ಪು, ಬೆಲ್ಲ, ನನ್ನ ಹೊಗೆಸೊಪ್ಪು. ಮತ್ತೆ ಮೋನು ಬ್ಯಾರಿಯಲ್ಲಿ ಆ ಗದ್ದೆಯ ಪುಡಿ ಉಂಟಲ್ಲ, ಅದು ಕಾಲು ಕಿಲೋ ತಾ. ಬೊಳ್ಳನಿಗೆ ಹಾಕುವ." ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಇಲ್ಲದೆ ಮಾಮಿಗೆ ಬೆಳಗಾಗುತ್ತಿರಲಿಲ್ಲ.

ಮೋನು ಬ್ಯಾರಿಯವರದ್ದು ಪೇಟೆಯಲ್ಲಿ ಜಿನಸಿನ ಅಂಗಡಿ. ಬ್ಯಾರಿ ಎಂದರೆ ನಮ್ಮ ಕಡೆಯ ಮುಸಲ್ಮಾನರು. ಅರುವತ್ತರ ಹತ್ತಿರದ ಮನುಷ್ಯ, ಬಾಯಿ ಜೋರು. ಗಿರಾಕಿಗಳಿಗೆ ಬೈಯದೆ ಸಾಮಾನು ಕಟ್ಟಿಕೊಟ್ಟದ್ದನ್ನು ಯಾರೂ ನೋಡಿದವರಿಲ್ಲ. ಪುಡಿ ನಾಯಿಗೆಂದು ನಾನು ಹೇಳಿದೊಡನೆ ತೂಗುವ ಕೈ ನಿಲ್ಲಿಸಿದರು.

"ಯಾವ ನಾಯಿ? ಅಮ್ಮನ ಹಿಂದೆ ಹಿಂದೆ ಬರುವ ಆ ಬಿಳಿಯದ್ದಾ?"

"ಹೌದು."

"ಹಾಗಾದ್ರೆ ಇಲ್ಲ. ಕೊಡುದಿಲ್ಲ. ಗದ್ದೆಗೆ ಆದ್ರೆ ಹತ್ತು ಕಿಲೋ ಕೊಂಡೋಗಿ. ಇದರ ಗೋಣಿ ನೆಕ್ಕಿ ನನ್ನ ಎರಡು ಆಡು ಸತ್ತದ್ದು ಗೊತ್ತುಂಟಾ ನಿಮಗೆ? ನಾಯಿ ಮೈ ನೆಕ್ಕದೆ ಕೂತುಕೊಳ್ತದಾ? ನೀವು ಕಲಿತವರಲ್ವಾ ಅಕ್ಕ, ಎಂತ ಕತೆ ಇದು!"

ನಾಲ್ಕು ಜನರ ಎದುರು ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿ ಎಂದು ಗೊತ್ತಾದ ಕಾರಣ ಇನ್ನಷ್ಟು ಬಂತು. ನಾನು ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದವಳು, ಕಪ್ಪೆಯ ಹೊಟ್ಟೆ ಕೊಯ್ದು ನೋಡಿದವಳು. ಜಿನಸು ಅಂಗಡಿಯವರಿಂದ ಪಾಠ ಹೇಳಿಸಿಕೊಳ್ಳಬೇಕೇ? ವಿಷವಿಲ್ಲದ ಮದ್ದನ್ನು ನಾನೇ ಹುಡುಕುತ್ತೇನೆ ಎಂದುಕೊಂಡೆ. ಬೇವಿನೆಣ್ಣೆ ಹಾಕಿದರೆ ಬೊಳ್ಳನಿಗೆ ಬೊಕ್ಕೆ ಏಳಬಹುದು. ಸೀಮೆಎಣ್ಣೆ ಚರ್ಮ ಸುಡುತ್ತದೆ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದವಳಿಗೆ ಕಣ್ಣೆದುರೇ ನೇತಾಡುತ್ತಿದ್ದ ಹೊಗೆಸೊಪ್ಪಿನ ಕಟ್ಟು ಕಂಡಿತು. ತವರಿನಲ್ಲಿ ಅದರ ನೀರನ್ನು ಬಸಳೆಯ ಹುಳಕ್ಕೆ ಚಿಮುಕಿಸುವುದನ್ನು ನೋಡಿದ್ದೆ. ಹುಳ ಸಾಯುತ್ತದೆ, ಮನುಷ್ಯರೋ ಅದನ್ನು ದಿನಕ್ಕೆ ಹತ್ತು ಸಲ ಅಗಿಯುತ್ತಾರೆ. ಮಾಮಿ ನಲವತ್ತು ವರ್ಷದಿಂದ ತಿಂದು ಗಟ್ಟಿಮುಟ್ಟಾಗಿಲ್ಲವೇ? ಮನುಷ್ಯರು ತಿನ್ನುವುದು ನಾಯಿಗೆ ಆಗದೇ? ಇದಕ್ಕಿಂತ ಸಾಧುವಾದ ಮದ್ದು ಇನ್ನು ಯಾವುದು!

"ಹೊಗೆಸೊಪ್ಪು ನಾಲ್ಕು ಎಲೆ ಹೆಚ್ಚು ಹಾಕಿ" ಎಂದೆ.

"ಅಮ್ಮ ತಿನ್ನುದು ಜಾಸ್ತಿ ಮಾಡಿದ್ರಾ ಹೇಗೆ?" ಎಂದು ನಗುತ್ತಾ ಕಟ್ಟಿಕೊಟ್ಟರು.

ಮರುದಿನ ಬೆಳಿಗ್ಗೆ, ಪುಡಿ ಎಲ್ಲಿ ಎಂದು ಕೇಳುವ ಮೊದಲೇ ಮಾಮಿ ಗುಡ್ಡೆಗೆ ತರಗೆಲೆ ತರಲು ಹೋದಾಗ ಆ ಎಲೆಗಳನ್ನು ಚೂರು ಮಾಡಿ ಕುದಿಸಿದೆ. ಹಾಲು ಹಾಕದ ಚಾದ ಕಣ್ಣಿಗಿಂತಲೂ ಕಪ್ಪಾಗಿ ಇಳಿಯಿತು. ಆರಿಸಿ, ಬಟ್ಟೆ ಅದ್ದಿ, ಬೊಳ್ಳನ ಮೈಯ ಒಂದು ಬೆರಳು ಜಾಗವನ್ನೂ ಬಿಡದೆ ಒರೆಸಿದೆ. ಮೊದಲು ಒಂದು ಕಡೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಉಣ್ಣಿ ಕಚ್ಚಿ ಹುಣ್ಣಾದ ಕಡೆಗೆ ಇನ್ನೂ ಎರಡು ಸಲ ಹೆಚ್ಚು ಒರೆಸಿದೆ. ಈಗ ಯೋಚಿಸಿದರೆ, ಉಣ್ಣಿ ಹೇಗೆ ಸಾಯುತ್ತದೆಂದು ನಾನು ಬಹಳ ಯೋಚಿಸಿದ್ದೆ. ನಾಯಿಯ ಬಗ್ಗೆ ಯೋಚಿಸಿರಲಿಲ್ಲ.

ಒದ್ದೆ ಮೈಯನ್ನು ಅದು ನೆಕ್ಕಿತು. ಗಳಿಗೆ ಕಳೆಯುವುದರೊಳಗೆ ಬಾಯಿಂದ ಜೊಲ್ಲು ಇಳಿಯತೊಡಗಿತು. ಕಾರಿತು. ಏಳಲು ಹೋಗಿ ಹಿಂಗಾಲು ಜಾರಿ ಬಿತ್ತು. ಆಮೇಲೆ ಇಡೀ ಮೈ ನಡುಗಲು ಶುರುವಾಯಿತು. ಅಂಗಳದಲ್ಲಿ ನಾನೊಬ್ಬಳೇ "ಬೊಳ್ಳ, ಬೊಳ್ಳ" ಎಂದು ಕರೆಯುತ್ತಿದ್ದೆ. ಅದು ಕಣ್ಣು ತಿರುಗಿಸಿ ನನ್ನನ್ನು ನೋಡುತ್ತಿತ್ತು. ಅಯ್ಯೋ ದೇವರೇ, ಆ ನೋಟ! ಕಡಬದ ಪಶು ಆಸ್ಪತ್ರೆಗೆ ಹೋಗಬೇಕೆಂದರೆ ನಾಯಿಯನ್ನು ಹತ್ತಿಸಿಕೊಳ್ಳುವ ಬಸ್ಸು ಯಾವುದು?

ಅಷ್ಟರಲ್ಲಿ ಮಾಮಿ ಬಂದರು. ತಲೆಯ ಹೊರೆಯನ್ನು ಅಂಗಳದಲ್ಲೇ ಎಸೆದು ಓಡಿದರು. ಬೊಳ್ಳನನ್ನು ಎತ್ತಿ ಬಾವಿಕಟ್ಟೆಗೆ ಕೊಂಡುಹೋಗಿ, "ನೀರು, ನೀರು" ಎಂದು ಕೂಗಿದರು. ನಾನು ಸೇದುವುದು, ಅವರು ಹೊಯ್ಯುವುದು. ನಡುವೆ ಓಡಿಹೋಗಿ ದಾಸವಾಳದ ಸೊಪ್ಪು ತಂದು ಕಿವುಚಿ, ನಾವು ತಲೆಗೆ ಹಾಕುವ ಗೊಂಪು ಮಾಡಿ, ಅದರಲ್ಲೇ ನಾಯಿಯ ಮೈ ತಿಕ್ಕಿದರು. ಎಷ್ಟು ಕೊಡಪಾನ ಸೇದಿದೆನೋ, ಕೈಯಲ್ಲಿ ಬೊಬ್ಬೆ ಎದ್ದಿತ್ತು. ಕೊನೆಗೆ ತಮ್ಮ ಹಳೇ ಸೀರೆಯಲ್ಲಿ ಅದನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಆಗ ನನ್ನ ಕಡೆ ತಿರುಗಿ ಕೇಳಿದರು:

"ಬ್ಯಾರಿಯ ಪುಡಿ ಹಾಕಿದ್ದಾ?"

ನಾನು ಹೌದೆಂದು ತಲೆ ಆಡಿಸಿದೆ.

ಒಂದು ಶಬ್ದ ಆಡಬೇಕಾಗಿರಲಿಲ್ಲ. ಬಾಯಿಬಿಟ್ಟು ಸುಳ್ಳು ಹೇಳಬೇಕಾಗಿದ್ದರೆ ನಾನು ಹೇಳುತ್ತಿರಲಿಲ್ಲವೋ ಏನೋ ಎಂದು ಈಗಲೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದುಂಟು. ಸಮಾಧಾನವೇನೂ ಆಗುವುದಿಲ್ಲ.

ಬೊಳ್ಳ ಉಳಿಯಿತು. ಆ ದಿನವಿಡೀ ನಡುಗಿ, ಮರುದಿನ ಗಂಜಿ ತೆಳಿ ಕುಡಿದು, ಮೂರನೆಯ ದಿನ ಎದ್ದು ಮಾಮಿಯ ಹಿಂದೆ ನಾಲ್ಕು ಹೆಜ್ಜೆ ಹಾಕಿತು. ಆಮೇಲೆ ಯಾವ ಮದ್ದೂ ಇಲ್ಲ. ಮಾಮಿ ದಿನಾ ಮಧ್ಯಾಹ್ನ ತೆಂಗಿನ ಗೆರಟೆಯಲ್ಲಿ ಒಂದಿಷ್ಟು ಸೀಮೆಎಣ್ಣೆ ಇಟ್ಟುಕೊಂಡು ಉಣ್ಣಿಯನ್ನು ಒಂದೊಂದಾಗಿ ಬುಡದಿಂದ ಹಿಡಿದು ಎಳೆದು ಅದರೊಳಗೆ ಹಾಕುವುದು, ಅದು ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು. ಅಷ್ಟರಿಂದಲೇ ಉಣ್ಣಿ ಕಡಿಮೆಯಾಯಿತು. ಇಷ್ಟು ಸಣ್ಣ ಕೆಲಸಕ್ಕೆ ನಾನು ಜೀವಶಾಸ್ತ್ರ ಓದಬೇಕಾಗಿರಲಿಲ್ಲ.

ಮುಂದಿನ ವಾರ ಮಾಮಿ ನನ್ನನ್ನು ಕರೆದುಕೊಂಡು ನೇರವಾಗಿ ಮೋನು ಬ್ಯಾರಿಯವರ ಅಂಗಡಿಗೆ ಹೋದರು. ರಸ್ತೆಯಿಂದಲೇ ಶುರು. "ಎಂಥ ವಿಷ ಕೊಟ್ಟದ್ದು ನೀವು ಈ ಹುಡುಗಿಯ ಕೈಯಲ್ಲಿ? ಅದಕ್ಕೆಂತ ಗೊತ್ತುಂಟು? ನಿಮಗೆ ಗೊತ್ತಿಲ್ವಾ? ನನ್ನ ನಾಯಿ ಸತ್ತು ಬದುಕಿದ್ದು!" ಪೇಟೆಗೆ ಪೇಟೆಯೇ ನಿಂತು ನೋಡುತ್ತಿತ್ತು.

ಮೋನು ಬ್ಯಾರಿಯವರು ಮಾಮಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಬೆಲ್ಲದ ಡಬ್ಬದ ಮೇಲಿನ ನೊಣಗಳನ್ನು ನೋಡುತ್ತಿದ್ದೆ. ನಾಲ್ಕು ಎಲೆ ಹೆಚ್ಚು ಹೊಗೆಸೊಪ್ಪು ಎಲ್ಲಿಗೆ ಹೋಯಿತೆಂದು ಆ ಕ್ಷಣದಲ್ಲೇ ಅವರಿಗೆ ತಿಳಿದಿರಬೇಕು. ಊರಿಗೆಲ್ಲ ಬೈಯುವ ಆ ಬಾಯಿ ಅಂದು ಬೈಯಲಿಲ್ಲ. ಎರಡೂ ಕೈ ಜೋಡಿಸಿ ಮಾಮಿಗೆ ಕಾಣುವ ಹಾಗೆ ತಲೆ ಬಗ್ಗಿಸಿದರು. "ತಪ್ಪಾಯ್ತು ಅಮ್ಮ" ಎಂದರು.

ಅಂದಿನಿಂದ ನಮ್ಮ ಸಾಮಾನು ಬೇರೆ ಅಂಗಡಿಯಿಂದ. ಮಾಮಿ ಕಂಡವರಿಗೆಲ್ಲ ಹೇಳಿದರು; ಅವರು ಹೇಳಿದರೆ ಎಷ್ಟು ದೂರ ಕೇಳುತ್ತದೆಂದು ನಿಮಗೆ ಗೊತ್ತು. ನಮ್ಮ ಆಚೀಚೆಯ ನಾಲ್ಕೈದು ಮನೆಯವರೂ ಅಲ್ಲಿಗೆ ಹೋಗುವುದು ಬಿಟ್ಟರು. ನಾನು ಆ ಅಂಗಡಿಯ ಎದುರು ಮುಖ ತಿರುಗಿಸಿ ನಡೆಯುವೆ, ಅವರು ಒಳಗಿಂದಲೇ, "ನಾಯಿ ಹೇಗುಂಟು ಅಕ್ಕ?" ಎಂದು ಕೇಳುವರು. ಪ್ರತಿ ಸಲವೂ ಕೇಳುವರು. ಕುಶಾಲಿಗಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುವರು. ಅದಕ್ಕಿಂತ ಕೆನ್ನೆಗೆ ಎರಡು ಹೊಡೆದಿದ್ದರೆ ನನಗೆ ಸುಖವಿತ್ತು. ಗಂಡನಿಗೂ ಹೇಳಲಿಲ್ಲ. ಹೊಸ ಮನೆ, ಹೊಸ ಜನ. ಬಂದ ವರ್ಷವೇ ಮಾಮಿಯ ಜೀವದಂತಿದ್ದ ನಾಯಿಯನ್ನು ಕೊಲ್ಲಲು ಹೊರಟವಳು ಎಂದು ಅನಿಸಿಕೊಳ್ಳುವ ಧೈರ್ಯವಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಆ ಇನ್ನೊಂದು ಅಂಗಡಿಯಲ್ಲಿ ಯಾರೋ ಇಬ್ಬರು ಮಾತಾಡುತ್ತಿದ್ದರು. "ಆ ಬ್ಯಾರಿ ಬೇಕೂಂತಲೇ ಕೊಟ್ಟದ್ದಂತೆ. ಅವರಿಗೆ ನಾಯಿ ಕಂಡರೆ ಆಗುದಿಲ್ಲಲ್ಲ?" ನನ್ನ ತಲೆಯಾಟ ಅಲ್ಲಿಯವರೆಗೆ ಬೆಳೆದಿತ್ತು. ಸಾಮಾನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಮಾಮಿ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು. ಎದುರಿನ ಗದ್ದೆಯಲ್ಲಿ ಏಳೆಂಟು ಹೆಂಗಸರು ನೇಜಿ ನೆಡುತ್ತಿದ್ದರು. ತಪ್ಪನ್ನು ಒಪ್ಪಿಕೊಳ್ಳುವವರು ಎಲ್ಲರೂ ಮೆಲ್ಲಗೆ, ಕಣ್ಣೀರು ಹಾಕುತ್ತಾ, ಒಬ್ಬರ ಕಿವಿಯಲ್ಲಿ ಹೇಳಿಕೊಳ್ಳುತ್ತಾರೆ. ನನಗೆ ಆ ಸೌಕರ್ಯ ಇರಲಿಲ್ಲ. "ಪುಡಿ ಅಲ್ಲ ಮಾಮೀ" ಎಂದೆ. ಕೇಳಲಿಲ್ಲ. "ಪುಡಿ ಅಲ್ಲ! ಹೊಗೆಸೊಪ್ಪು!" ಎಂದೆ. "ಹೊಗೆಸೊಪ್ಪಾ? ಮುಗಿಯಿತಾ?" ಎಂದರು. ಕೊನೆಗೆ ಎದ್ದುನಿಂತು, ಹುಟ್ಟಿದ ಮೇಲೆ ಎಂದೂ ಕೂಗದ ಹಾಗೆ ಕೂಗಿದೆ: "ಬ್ಯಾರಿ ಪುಡಿ ಕೊಡಲೇ ಇಲ್ಲ! ಬೇಡ ಅಂದರು! ನಾನೇ ಹೊಗೆಸೊಪ್ಪು ಕುದಿಸಿ ಬೊಳ್ಳನಿಗೆ ಹಾಕಿದ್ದು! ನಾನು ಸುಳ್ಳು ಹೇಳಿದೆ!" ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ನೆಟ್ಟಗಾದರು.

ಮಾಮಿಯ ಕೈಯಲ್ಲಿದ್ದ ಬೀಜ ಹಾಗೆಯೇ ಉಳಿಯಿತು. ಬೈಯಲಿಲ್ಲ. ಕೇಳಿದ್ದು ಒಂದೇ: "ಮತ್ತೆ ಅವರು ಯಾಕೆ ತಪ್ಪಾಯ್ತು ಅಂದದ್ದು?"

ನನಗೆ ಗೊತ್ತಿರಲಿಲ್ಲ. ಅದಕ್ಕೂ ತಲೆ ಆಡಿಸಿದೆ.

ಮರುದಿನ ಮಾಮಿ ಮದುವೆಗಳಿಗೆ ಉಡುವ ಸೀರೆ ಉಟ್ಟುಕೊಂಡು ಹೊರಟರು. ಬೊಳ್ಳನನ್ನು ಮನೆಯಲ್ಲೇ ಬಿಟ್ಟು, ನನ್ನನ್ನು ಹಿಂದೆ ಬರಲು ಹೇಳಿದರು. ಅಂಗಡಿಯಲ್ಲಿ ಜನರಿದ್ದರು. ಮಾಮಿ ಮೆಟ್ಟಿಲ ಬುಡದಲ್ಲಿ ನಿಂತು ತಮ್ಮ ಅದೇ ಗಂಟಲಿನಲ್ಲಿ ಹೇಳಿದರು: "ನಿಮ್ಮದು ಏನೂ ತಪ್ಪಿಲ್ಲ ಬ್ಯಾರಿಗಳೇ. ತಪ್ಪು ನಮ್ಮ ಮನೆಯದ್ದು. ನಾನು ಊರಿಡೀ ಹೇಳಿದ್ದೇನೆ, ಇನ್ನು ಊರಿಡೀ ಹೋಗಿ ಅದು ಸುಳ್ಳು ಅಂತ ಹೇಳ್ತೇನೆ. ಆದರೆ ಒಂದು ಹೇಳಿ. ನೀವು ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡದ್ದು?"

ಮೋನು ಬ್ಯಾರಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದರು. ಮಾಮಿಗೆ ಕೇಳಬೇಕಾದರೆ ಕೂಗಬೇಕು, ಅವರು ಕೂಗಲಿಲ್ಲ. ನನ್ನ ಹತ್ತಿರ ನಿಂತು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ನನ್ನ ಸಣ್ಣ ಮಗಳನ್ನು ಉಪ್ಪಿನಂಗಡಿ ಕಡೆಗೆ ಕೊಟ್ಟದ್ದು ಅಕ್ಕ. ಹಾಲು ಉಕ್ಕಿದ್ದು ಅವಳಿಂದ, ಕೋಳಿ ಸತ್ತದ್ದು ಅವಳಿಂದ. ಪ್ರತಿಯೊಂದೂ ಅವಳ ತಲೆಗೇ. ಏಳು ತಿಂಗಳಲ್ಲಿ ವಾಪಸು ಬಂದ್ಲು. ಈಗ ಮನೆಯಲ್ಲೇ ಇದ್ದಾಳೆ, ಯಾರ ಹತ್ತಿರವೂ ಮಾತಾಡುದಿಲ್ಲ. ಆ ದಿನ ನೀವು ಇಲ್ಲಿ ನಿಂತದ್ದು ನೋಡಿದೆ. ನನ್ನ ಅಂಗಡಿಗೆ ಎಂತ ಆಗ್ಲಿಕ್ಕುಂಟು, ಎರಡು ಗಿರಾಕಿ ಹೋಗ್ತಾರೆ, ನಾಲ್ಕು ಬರ್ತಾರೆ."

ಮಾಮಿ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. "ಎಂತ ಹೇಳಿದ್ದು? ಎಂತ ಹೇಳಿದ್ದು ಅವರು?"

ಸುತ್ತ ಜನ ಕಿವಿ ನೆಟ್ಟು ನಿಂತಿದ್ದರು. ನಾನು ಬಾಯಿ ತೆರೆಯಲಿಲ್ಲ. ಮಾಮಿಯ ಕೈ ಹಿಡಿದು ಅದುಮಿದೆ, ಹೋಗುವ ಎಂದು ಕಣ್ಣಿನಲ್ಲೇ ಹೇಳಿದೆ. ಅವರಿಗೆ ಸಿಟ್ಟು ಬಂತು. ದಾರಿಯುದ್ದಕ್ಕೂ, "ಇನ್ನೂ ಮುಚ್ಚಿಡುದುಂಟಾ ನಿನಗೆ? ಬುದ್ಧಿ ಬರಲಿಲ್ವಾ?" ಎಂದು ಬೈಯುತ್ತಲೇ ಬಂದರು. ಪೇಟೆ ದಾಟಿ, ಕೊನೆಯ ಮನೆ ದಾಟಿ, ಮನುಷ್ಯರ ಸುಳಿವಿಲ್ಲದ ಗುಡ್ಡೆಯ ತಿರುವಿಗೆ ಬಂದ ಮೇಲೆ ನಾನು ನಿಂತೆ. ಅವರ ಕಿವಿಗೆ ಬಾಯಿ ಹಚ್ಚಿ, ಮೋನು ಬ್ಯಾರಿಯವರು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಕೂಗಿ ಹೇಳಿದೆ.

ಮಾಮಿ ಕೊಡೆ ಊರಿಕೊಂಡು ನಿಂತರು. ಒಮ್ಮೆ ಹಿಂತಿರುಗಿ ಪೇಟೆಯ ಕಡೆ ನೋಡಿದರು. ನನ್ನ ಮುಖವನ್ನೂ ನೋಡಿದರು. ಆಮೇಲೆ ಆ ಹೆಂಗಸು, ನಾನು ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡಿದರು.

"ಇದನ್ನು ನೀನು ಅಲ್ಲಿ ಕೂಗದೆ ಇದ್ದದ್ದು ಒಳ್ಳೆದಾಯ್ತು."